ಜೀರುಂಡೆ ಹುಟ್ಟಿದ ಊರು

ಬರ್ಲಿನ್ ನಗರದಿಂದ ಪಶ್ಚಿಮಕ್ಕೆ, ಹಾನೋವರಿನ ಕಡೆಗೆ ಹೊರಟ ವೇಗದ ರೈಲು ಸುಮಾರು ಒಂದು ಗಂಟೆಯ ಕಾಲ ಬಯಲನ್ನೂ ಪೈನ್ ಮರದ ತೋಪುಗಳನ್ನೂ ಹಿಂದೆ ಹಾಕುತ್ತ ಬಂದು, ಒಂದು ಕಾಲುವೆಯ ಬಳಿ ನಿಲ್ಲುತ್ತದೆ. ನಿಲ್ದಾಣದಲ್ಲಿಳಿದ ಪ್ರಯಾಣಿಕನ ಕಣ್ಣಿಗೆ ಊರಿಗಿಂತ ಮೊದಲು ಕಾರ್ಖಾನೆ ಬೀಳುತ್ತದೆ. ಕಾಲುವೆಯ ಆಚೆ ದಡದುದ್ದಕ್ಕೂ, ಒಂದು ಕಿಲೋಮೀಟರಿಗೂ ಹೆಚ್ಚು ದೂರ, ಇಟ್ಟಿಗೆಯ ಗೋಡೆ ಚಾಚಿಕೊಂಡಿದೆ. ವಿದ್ಯುದಾಗಾರದ ನಾಲ್ಕು ಹೊಗೆಗೊಳವೆಗಳು ಸಾಲಾಗಿ ನಿಂತು ನೀರಿನಲ್ಲಿ ತಮ್ಮ ನೆರಳನ್ನು ನೋಡಿಕೊಳ್ಳುತ್ತಿವೆ. ಊರಿನ ಹೆಸರು ವೋಲ್ಫ್ಸ್‌ಬುರ್ಗ್. ತೋಳದ ಕೋಟೆ ಎಂದರ್ಥ. ಆಲರ್ ನದಿಯ ಬದಿಯಲ್ಲಿರುವ ಹಳೆಯ ಕೋಟೆಯಿಂದ ಬಂದದ್ದು ಆ ಹೆಸರು. ಆ ಕೋಟೆಯ ಪ್ರಸ್ತಾಪ 1302ರಷ್ಟು ಹಿಂದಿನ ದಾಖಲೆಯಲ್ಲಿದೆ. ಊರಿನ ವಯಸ್ಸಾದರೋ ಇನ್ನೂ ನೂರು ತುಂಬಿಲ್ಲ.

1938ರ ಮೇ 26ರಂದು ಹಿಟ್ಲರನು ಇಲ್ಲಿ ಕಾರ್ಖಾನೆಗೆ ಅಡಿಗಲ್ಲಿಟ್ಟನು. ಅದೇ ವರ್ಷದ ಜುಲೈ 1ರಂದು ಊರು ಅಧಿಕೃತವಾಗಿ ಹುಟ್ಟಿತು. ಆಗ ಅದಕ್ಕೆ ಊರಿನ ಹೆಸರೇ ಇರಲಿಲ್ಲ. 'ಸಂತೋಷದಿಂದ ಶಕ್ತಿ' ಎಂಬ ನಾಜಿ ವಿರಾಮ ಸಂಘದ ಕಾರಿನ ನಗರವೆಂದು ಕರೆದರು. ಕಾಲುವೆ, ರೈಲುಹಾದಿ, ಹೆದ್ದಾರಿ ಮೂರೂ ಕೈಗೆಟಕುವ ಬಯಲೆಂಬ ಒಂದೇ ಕಾರಣಕ್ಕೆ ಒಬ್ಬ ಜಮೀನುದಾರ ಕೌಂಟನ ಹೊಲಗಳನ್ನು ಆರಿಸಿದ್ದರು. ನಗರದ ನಕ್ಷೆ ಬರೆದ ಪೇಟರ್ ಕೋಲರ್ ಎಂಬ ಶಿಲ್ಪಿಗೆ ಆಗಿನ್ನೂ ಮೂವತ್ತರ ಹರೆಯ. ಗುಡ್ಡದ ಮೇಲೆ ಭವ್ಯ ಸೌಧಗಳು, ಕೆಳಗೆ ವಿಶಾಲ ಬೀದಿಗಳು ಎಂದೆಲ್ಲ ಆತ ಕಲ್ಪಿಸಿದ್ದ. ಯುದ್ಧ ಮುಗಿಯುವ ವೇಳೆಗೆ ಅಲ್ಲಿದ್ದದ್ದು ಹೆಚ್ಚಾಗಿ ಮರದ ಹಲಗೆಯ ಗುಡಾರಗಳು.

ಕಾರಿನ ಯೋಜನೆ ಫರ್ಡಿನಾಂಡ್ ಪೋರ್ಷೆಯವರದು. 1934ರಲ್ಲಿ ಅವರೊಡನೆ ಕರಾರಾಯಿತು. ಬೆಲೆ ಒಂದು ಸಾವಿರ ಮಾರ್ಕನ್ನು ಮೀರಬಾರದು, ಸಂಸಾರವೊಂದು ಕೂರಬೇಕು, ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರು ಓಡಬೇಕು. ಎಂಜಿನನ್ನು ಬೆನ್ನಿಗೆ ಕಟ್ಟಿದರು. ಅದನ್ನು ತಣಿಸಲು ನೀರಿನ ಬದಲು ಗಾಳಿಯನ್ನು ಗೊತ್ತುಮಾಡಿದರು. ಬೀದಿಯಲ್ಲೇ ಕಾರು ನಿಲ್ಲಿಸುವ ಬಡವನಿಗೆ ಚಳಿಗಾಲದ ರಾತ್ರಿ ನೀರು ಹೆಪ್ಪುಗಟ್ಟಿ ಎಂಜಿನು ಒಡೆಯುವ ಭಯ ಹೀಗೆ ತಪ್ಪಿತು. ಈ ಯೋಚನೆಗಳೆಲ್ಲ ಪೋರ್ಷೆಯವರೊಬ್ಬರದೇ ಎನ್ನುವಂತಿಲ್ಲ. ಚೆಕ್ ದೇಶದ ತಾತ್ರಾ ಕಾರ್ಖಾನೆಯಲ್ಲಿ ಹಾನ್ಸ್ ಲೆಡ್ವಿಂಕಾ ಇಂಥ ಗಾಡಿಗಳನ್ನು ರೂಪಿಸುತ್ತಿದ್ದರು. ಯೋಜೆಫ್ ಗಾಂಟ್ಸ್ ಎಂಬ ಯಹೂದಿ ಎಂಜಿನಿಯರು ಜನಸಾಮಾನ್ಯರ ಕಾರಿಗಾಗಿ ತಮ್ಮ ಪತ್ರಿಕೆಯಲ್ಲಿ ವರ್ಷಗಟ್ಟಲೆ ವಾದಿಸಿದ್ದರು. ನಾಜಿಗಳ ಕಾಟಕ್ಕೆ ದೇಶವನ್ನೇ ಬಿಟ್ಟರು. 1967ರಲ್ಲಿ ದೂರದ ಆಸ್ಟ್ರೇಲಿಯಾದಲ್ಲಿ ಅವರು ತೀರಿಕೊಂಡಾಗ ಆ ಬಗೆಯ ಕಾರು ಲೋಕದ ಬೀದಿಗಳನ್ನೆಲ್ಲ ತುಂಬಿತ್ತು.

ಕಾರಿನ ಬೆಲೆ 990 ಮಾರ್ಕ್ ಎಂದು ಸಾರಲಾಯಿತು. ವಾರಕ್ಕೆ ಐದು ಮಾರ್ಕಿನ ಚೀಟಿ ಕೊಂಡು ಪುಸ್ತಕದಲ್ಲಿ ಅಂಟಿಸುತ್ತ ಹೋಗಬೇಕು. ನಾಲ್ಕು ವರ್ಷಕ್ಕೆ ಹತ್ತಿರವಾದಾಗ ಕಾರು ಕೈಸೇರಬೇಕು. ಸುಮಾರು 3,36,000 ಮಂದಿ ಹೀಗೆ ಹಣ ಕಟ್ಟಿದರು. ನಮ್ಮಲ್ಲಿ ಚೀಟಿ ಹಾಕಿದವರಿಗಾದರೂ ಚೀಟಿಯ ಯಜಮಾನ ಯಾರೆಂದು ಗೊತ್ತಿರುತ್ತದೆ. ಅವನ ಮನೆಯ ಬಾಗಿಲಿಗೆ ಹೋಗಿ ಕೂಗಾಡಬಹುದು. ಇವರಿಗೆ ಆ ಅನುಕೂಲವೂ ಇರಲಿಲ್ಲ. ಹಣ ಕಟ್ಟಿದವರಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ. 1939ರಲ್ಲಿ ಯುದ್ಧ ಬಂತು, ಕಾರ್ಖಾನೆ ಸೈನ್ಯದ ಗಾಡಿಗಳನ್ನು ಮಾಡತೊಡಗಿತು. ಬರ್ಲಿನ್ನಿನ ಬ್ಯಾಂಕಿನಲ್ಲಿದ್ದ ಉಳಿತಾಯವು 1945ರಲ್ಲಿ ರಷ್ಯನ್ನರ ವಶವಾಯಿತು.

ಕಾರ್ಖಾನೆಯೊಳಗೆ ಹಳೆಯ ಬಾಂಬು ಆಶ್ರಯವೊಂದಿದೆ. ಆ ನೆಲಮಾಳಿಗೆಯಲ್ಲಿ 1999ರಿಂದ ಒಂದು ಸ್ಮಾರಕ ಪ್ರದರ್ಶನವಿದೆ. ಹೊಳೆಯುವ ಕಾರುಗಳನ್ನು ನೋಡಲು ಬಂದವರು ಇಲ್ಲಿಗೂ ಬಂದರೆ ಒಳ್ಳೆಯದು. ಯುದ್ಧದ ವರ್ಷಗಳಲ್ಲಿ ಇಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಬಲವಂತದ ದುಡಿಮೆಗೆ ಸಿಕ್ಕಿದ್ದರು. ಅವರಲ್ಲಿ ಪೋಲೆಂಡಿನವರಿದ್ದರು, ರಷ್ಯದವರಿದ್ದರು, ಫ್ರಾನ್ಸಿನವರಿದ್ದರು, ಸೆರೆಸಿಕ್ಕ ಇಟಲಿಯ ಸೈನಿಕರಿದ್ದರು, ಸೆರೆಶಿಬಿರಗಳಿಂದ ತಂದ ಕೈದಿಗಳಿದ್ದರು. ದುಡಿಯುವ ಹೆಂಗಸರು ಹೆತ್ತ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ, ಶಿಶುಗೃಹವೆಂಬ ಹೆಸರಿನ ಕೊಳಕು ಗುಡಾರದಲ್ಲಿ ಇಟ್ಟರು. 1944ರಲ್ಲಿ ಅದನ್ನು ಸಮೀಪದ ರ‍್ಯೂಹೆನ್ ಹಳ್ಳಿಗೆ ಸಾಗಿಸಲಾಯಿತು. ಅಲ್ಲಿ ಮುನ್ನೂರಕ್ಕೂ ಹೆಚ್ಚು ಹಸುಗೂಸುಗಳು ಸತ್ತವು. ಅದರ ಹೊಣೆ ಹೊತ್ತಿದ್ದ ಕಾರ್ಖಾನೆಯ ವೈದ್ಯನನ್ನು ಬ್ರಿಟಿಷ್ ಸೈನಿಕ ನ್ಯಾಯಾಲಯವು ವಿಚಾರಣೆಗೆ ಗುರಿಪಡಿಸಿತು. 1947ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಯುದ್ಧ ಮುಗಿದಾಗ ಕಾರ್ಖಾನೆಯ ಛಾವಣಿ ಬಾಂಬುಗಳಿಂದ ಛಿದ್ರವಾಗಿತ್ತು. ಊರು ಬ್ರಿಟಿಷರ ಪಾಲಿಗೆ ಬಂತು. 1945ರ ಮೇ ತಿಂಗಳಲ್ಲಿ ಕೋಟೆಯ ಹೆಸರೇ ಊರ ಹೆಸರಾಯಿತು. ಯಂತ್ರಗಳನ್ನು ಬಿಚ್ಚಿ ಯುದ್ಧ ಪರಿಹಾರವಾಗಿ ಸಾಗಿಸುವುದೆಂದು ಮಾತಾಗಿತ್ತು. ಆಗಸ್ಟಿನಲ್ಲಿ ಬಂದ ಐವನ್ ಹರ್ಸ್ಟ್ ಎಂಬ ಇಪ್ಪತ್ತೊಂಬತ್ತರ ಮೇಜರನು ಬೇರೆ ದಾರಿ ಹಿಡಿದನು. ಸೈನ್ಯಕ್ಕೆ ಗಾಡಿಗಳ ಅಭಾವವಿತ್ತು. ಆತ ಹಳೆಯ ಕಾರೊಂದಕ್ಕೆ ಖಾಕಿ ಬಣ್ಣ ಬಳಿಸಿ ಮೇಲಧಿಕಾರಿಗಳಿಗೆ ತೋರಿಸಿದನು. ಇಪ್ಪತ್ತು ಸಾವಿರ ಗಾಡಿಗಳ ಬೇಡಿಕೆ ಬಂತು. ಗುಡಾರವಾಸಿಗಳಾದ ಕೆಲಸಗಾರರು ಅರೆಹೊಟ್ಟೆಯಲ್ಲಿ, ಸೋರುವ ಸೂರಿನ ಕೆಳಗೆ, 1946ರ ಮಾರ್ಚಿನ ವೇಳೆಗೆ ತಿಂಗಳಿಗೆ ಸಾವಿರ ಕಾರು ಮಾಡುವ ಹಂತಕ್ಕೆ ಬಂದರು. ಇಂಗ್ಲೆಂಡಿನ ಮೋಟಾರು ತಜ್ಞರು ಬಂದು ಪರೀಕ್ಷಿಸಿ, ಸಾಮಾನ್ಯ ಗಿರಾಕಿಗೆ ಈ ಗಾಡಿ ರುಚಿಸದೆಂದು ತೀರ್ಪಿತ್ತರು. ತಜ್ಞರ ತೀರ್ಪಿಗೆ ಕೆಲವೊಮ್ಮೆ ಹೀಗೂ ಗತಿಯುಂಟು.

1948ರ ಜನವರಿಯಲ್ಲಿ ಹೈನ್ರಿಷ್ ನೋರ್ಡ್‌ಹೋಫ್ ಆಡಳಿತ ವಹಿಸಿದರು. ಅವರು ಗಾಡಿಯ ಮುಖವನ್ನು ಬದಲಿಸಲು ಒಪ್ಪಲಿಲ್ಲ. ಒಳಗಿನದನ್ನು ಮಾತ್ರ ತಿದ್ದುತ್ತಲೇ ಹೋದರು. ಹಿಂಬದಿಯ ಜೋಡಿ ಕಿಟಕಿ 1953ರಲ್ಲಿ ಒಂದೇ ಮೊಟ್ಟೆಯಾಕಾರದ ಗಾಜಾಯಿತು, 1957ರಲ್ಲಿ ಮತ್ತಷ್ಟು ಅಗಲವಾಯಿತು. ಇಂದಿಗೂ ಬಲ್ಲವರು ಗಾಡಿಯ ವಯಸ್ಸನ್ನು ಬೆನ್ನು ನೋಡಿಯೇ ಹೇಳುತ್ತಾರೆ. ಎಂಜಿನಿನ ಬಲ 25 ಅಶ್ವಶಕ್ತಿಯಿಂದ 1954ರಲ್ಲಿ 30ಕ್ಕೆ, 1960ರಲ್ಲಿ 34ಕ್ಕೆ ಏರಿತು. ಪೆಟ್ರೋಲಿನ ಮಟ್ಟ ತೋರುವ ಮುಳ್ಳು ಮಾತ್ರ 1961ರವರೆಗೆ ಇರಲೇ ಇಲ್ಲ. ಗಾಡಿ ಮುಗ್ಗರಿಸಿದಾಗ ಚಾಲಕನು ಕಾಲಿನ ಬಳಿಯ ತಿರುಪನ್ನು ತಿರುಗಿಸಿ ಮೀಸಲು ಪೆಟ್ರೋಲನ್ನು ಬಿಟ್ಟುಕೊಳ್ಳಬೇಕು. ಮುಂದಿನ ಗಾಜು ತೊಳೆಯುವ ನೀರನ್ನು ಚಿಮ್ಮಿಸಲು ಬಿಡಿ ಟೈರಿನ ಗಾಳಿಯನ್ನೇ ಬಳಸಿದ ಕಾಲವೂ ಇತ್ತು. ಮನೆಯಲ್ಲಿ ಒಂದು ಚೂರು ದಾರವನ್ನೂ ಬಿಸುಡದ ಅಜ್ಜಿಯರು ಇದನ್ನು ಮೆಚ್ಚುತ್ತಿದ್ದರು.

1955ರ ಆಗಸ್ಟ್ 5ರಂದು ಹತ್ತು ಲಕ್ಷದ ಕಾರು ಹೊರಬಂತು. ಅದಕ್ಕೆ ಚಿನ್ನದ ಬಣ್ಣ ಬಳಿದಿದ್ದರು. ಇತ್ತ ಪುಸ್ತಕದಲ್ಲಿ ಚೀಟಿ ಅಂಟಿಸಿದ್ದ ಉಳಿತಾಯದಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಕಾರ್ಖಾನೆ ಒಂದೇ ಆದರೂ ಹಣ ಪಡೆದ ಸಂಸ್ಥೆ ಬೇರೆ ಎಂಬ ವಾದ ವರ್ಷಾನುವರ್ಷ ನಡೆಯಿತು. 1961ರಲ್ಲಿ ರಾಜಿಯಾಯಿತು: ಹೊಸ ಕಾರು ಕೊಳ್ಳುವವರಿಗೆ 600 ಮಾರ್ಕಿನವರೆಗೆ ರಿಯಾಯಿತಿ, ಬೇಡವೆಂದವರಿಗೆ 100 ಮಾರ್ಕು ನಗದು. ಇಪ್ಪತ್ತೆರಡು ವರ್ಷ ಕಾದವರಿಗೆ ಇದು ಸಾಲುವುದೆ? ಕೊಟ್ಟದ್ದೇ ಹೆಚ್ಚೆಂದು ಕಾರ್ಖಾನೆಯವರೂ, ಕಡಿಮೆಯೆಂದು ಅವರೂ ಎಣಿಸಿದ್ದಿರಬೇಕು.

ಮರುವರ್ಷ, 1962ರಲ್ಲಿ, ಇಟಲಿಯಿಂದ ಕೆಲಸಗಾರರು ರೈಲಿನಲ್ಲಿ ಬಂದಿಳಿದರು. ಈ ಬಾರಿ ಸಂಬಳಕ್ಕೆ, ಸ್ವಇಚ್ಛೆಯಿಂದ. ಅವರನ್ನೂ ಮೊದಲು ಇರಿಸಿದ್ದು ಮರದ ವಸತಿಗಳಲ್ಲೇ, ಸುತ್ತಲೂ ಬೇಲಿ ಹಾಕಿ. ಇಂದು ಅವರ ಮೊಮ್ಮಕ್ಕಳು ಊರಿನ ನಾಗರಿಕರು. ಬೀದಿಯಲ್ಲಿ ಇಟಲಿಯ ಮಾತು ಕೇಳಿಬರುತ್ತದೆ, ಒಳ್ಳೆಯ ಕಾಫಿಯೂ ಸಿಗುತ್ತದೆ. ಕಾರ್ಖಾನೆಯ ಸ್ವಂತ ಅಡಿಗೆಮನೆಯ ಮಾಂಸದ ಸಾಸೇಜಿಗೆ ಬಿಡಿಭಾಗಗಳ ಪಟ್ಟಿಯಲ್ಲಿ ಒಂದು ಕ್ರಮಸಂಖ್ಯೆಯಿದೆ ಎಂಬುದು ಸಸ್ಯಾಹಾರಿ ಪ್ರವಾಸಿಗೂ ಮೋಜೆನಿಸಬಹುದು.

1972ರ ಫೆಬ್ರವರಿ 17ರಂದು 1,50,07,034ನೆಯ ಕಾರು ಹೊರಬಂದು, ಫೋರ್ಡಿನ ಟಿ ಮಾದರಿಯ ದಾಖಲೆಯನ್ನು ಹಿಂದಿಕ್ಕಿತು. ಆದರೆ ಆಗಲೇ ಗಿರಾಕಿಗಳ ಕಣ್ಣು ಮುಂಭಾಗದ ಎಂಜಿನು, ನೀರಿನ ತಂಪು, ಹೆಚ್ಚು ಜಾಗದ ಕಡೆಗೆ ತಿರುಗಿತ್ತು. 1974ರಲ್ಲಿ ಗಾಲ್ಫ್ ಎಂಬ ಹೊಸ ಗಾಡಿ ಬಂತು. ಊರು ಹುಟ್ಟಿದ ಅದೇ ಜುಲೈ 1ರಂದು, ಮೂವತ್ತಾರು ವರ್ಷಗಳ ತರುವಾಯ, ವೋಲ್ಫ್ಸ್‌ಬುರ್ಗಿನ ಕೊನೆಯ ಜೀರುಂಡೆ ಸಾಲಿನಿಂದ ಇಳಿಯಿತು. ಜರ್ಮನಿಯ ಎಮ್ಡೆನ್ನಿನಲ್ಲಿ ಅದು 1978ರವರೆಗೆ ತಯಾರಾಯಿತು; ಮೆಕ್ಸಿಕೋ ದೇಶದ ಪ್ಯೂಬ್ಲಾ ನಗರದಲ್ಲಿ ಮಾತ್ರ 2003ರವರೆಗೆ ಬಾಳಿತು. ಅಲ್ಲಿ ಅದು ಬಾಡಿಗೆ ಗಾಡಿಯಾಗಿ ರಾಜಧಾನಿಯ ಬೀದಿಗಳನ್ನೆಲ್ಲ ಆಳಿತು.

ಆ ವರ್ಷದ ಜುಲೈ 30ರಂದು ಪ್ಯೂಬ್ಲಾದಲ್ಲಿ ವಾದ್ಯಗಾರರು ಹಾಡುತ್ತಿರುವಾಗ 2,15,29,464ನೆಯ ಗಾಡಿ ಹೊರಬಂತು. ಅದನ್ನು ಯಾರಿಗೂ ಮಾರಲಿಲ್ಲ. ಸಮುದ್ರ ದಾಟಿಸಿ ವೋಲ್ಫ್ಸ್‌ಬುರ್ಗಿನ ಸಂಗ್ರಹಾಲಯಕ್ಕೆ ಕಳುಹಿಸಿದರು. ತಿಳಿನೀಲಿ ಬಣ್ಣ, ಬಿಳಿ ಅಂಚಿನ ಟೈರುಗಳು. ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ದೂರದ ಆ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆತರುವ ಮುದುಕರು ಮೊದಲು ಗಾಡಿಯ ಹಿಂಬದಿಗೆ ಹೋಗಿ, ಕಿಟಕಿಯನ್ನು ನೋಡುತ್ತಾರೆ.