ಒಂದು ಅಂಕ, ಒಂದು ಹೊಡೆತ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವ್ಯಾಕರಣದ ಮೇಲೋ ವಚನ ಸಾಹಿತ್ಯದ ಮೇಲೋ ನಾಲ್ಕು ಪುಟ ಬರೆದು ಋಣಮುಕ್ತನಾಗಬೇಕೆಂದಿದ್ದೆನು. ಆದರೆ ಈ ವರ್ಷ ಒಂಬತ್ತನೆಯ ತರಗತಿಯ ಒಂದು ಪ್ರಬಂಧದ ಪುಸ್ತಕವು ನನ್ನನ್ನು ಬೇರೆಯ ದಾರಿಗೆ ಎಳೆದೊಯ್ದಿತು. ಕನ್ನಡ ಪಂಡಿತನಿಗೂ ಗಾಲ್ಫ್ ಆಟಕ್ಕೂ ಏನು ಸಂಬಂಧವೆಂದು ವಾಚಕರು ನಗಬಹುದು. ನಾನೂ ಮೊದಲು ನಕ್ಕವನೇ. ಆ ನಗೆ ತಪ್ಪೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

“ಮುಂದೆ ನಾನು ಏನಾಗಬಯಸುತ್ತೇನೆ” ಎಂಬುದು ಶಾಲೆಯಷ್ಟೇ ಹಳೆಯ ವಿಷಯ. ಇಪ್ಪತ್ತಾರು ಮಕ್ಕಳು ಬರೆದಿದ್ದರು. ನಮ್ಮ ಕಾಲದಲ್ಲಾದರೆ ಎಲ್ಲರೂ ವೈದ್ಯರೋ ಇಂಜಿನಿಯರೋ ಆಗುತ್ತಿದ್ದರು. ಈ ಸಲ ಒಂಬತ್ತು ಮಂದಿ ಚಾರ್ಟರ್ಡ್ ಅಕೌಂಟೆಂಟರಾಗಲು ಹೊರಟಿದ್ದರು. ಒಬ್ಬ ಹುಡುಗನು ಮಾತ್ರ ತಾನು ಗಾಲ್ಫ್ ವೃತ್ತಿಯಾಟಗಾರನಾಗುವೆನೆಂದು ಬರೆದಿದ್ದನು. ನಾನು ಕೆಂಪು ಶಾಯಿಯಲ್ಲಿ, “ಆಟ ಆಟವೇ, ಉದ್ಯೋಗದ ಮಾತು ಬರೆ” ಎಂದು ಗೀಚಿದೆನು. ಅಷ್ಟಕ್ಕೇ ಬಿಡದೆ ಆ ವಾಕ್ಯಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆನು. ಮಕ್ಕಳೆಲ್ಲ ನಕ್ಕರು. ಹುಡುಗನು ತಲೆತಗ್ಗಿಸಿ ಕುಳಿತನು.

ಮೂರನೆಯ ದಿನ ಅವನ ತಂದೆ ಬಂದರು. ಅವರದು ಕೃಷ್ಣಗಿರಿ ಜಿಲ್ಲೆಯ ಗಡಿಯ ಹಳ್ಳಿ, ಮನೆಮಾತು ಕನ್ನಡ. ಇಪ್ಪತ್ತು ವರ್ಷಗಳಿಂದ ಚೆನ್ನೈಯ ಒಂದು ಗಾಲ್ಫ್ ಬಯಲಿನಲ್ಲಿ ಕ್ಯಾಡಿಯಾಗಿ, ಎಂದರೆ ಆಡುವವರ ಕೋಲುಗಳ ಚೀಲವನ್ನು ಹೊತ್ತು ನಡೆಯುವವರಾಗಿ, ಜೀವನ ಸಾಗಿಸುತ್ತಿದ್ದಾರೆ. ಜಗಳಕ್ಕೆ ಬಂದಿರುವರೆಂದು ನಾನು ಅಂಜಿದೆನು. ಅವರು ಕೈಮುಗಿದು, “ಮೇಷ್ಟ್ರೇ, ಆ ಕೆಲಸ ಬೇಡ ಅಂತ ನಾನೂ ಹೇಳ್ತಾ ಇದೀನಿ. ಆದ್ರೆ ಅದು ಎಷ್ಟು ಕಷ್ಟ ಅಂತ ಗೊತ್ತಿಲ್ಲದೆ ನಗಬೇಡಿ. ತಿಳ್ಕೊಂಡು ಬೇಕಾದ್ರೆ ಬೈಯಿರಿ” ಎಂದರು. ಬಿಡುವಿನ ದಿನ ಮುಂಜಾನೆ ಕ್ಯಾಡಿಗಳಿಗೂ ಆಡಲು ಅಪ್ಪಣೆಯಿದೆಯೆಂದು ತಿಳಿಸಿ, ನನ್ನನ್ನೂ ಕರೆದರು.

ಅಣ್ಣಾ ಸಾಲೆಯಲ್ಲಿ ನಂದನದ ಬಳಿ ಬಸ್ಸಿನಲ್ಲಿ ಹೋಗುವವರು ಕಾಸ್ಮೊಪಾಲಿಟನ್ ಕ್ಲಬ್ಬಿನ ಗಾಲ್ಫ್ ಬಯಲಿನ ಮರಗಳನ್ನು ಕಂಡಿರಬಹುದು. ಈ ಊರಿಗೆ ಬಂದ ಹನ್ನೊಂದು ವರ್ಷಗಳಿಂದ ನಾನೂ ಕಂಡಿದ್ದೆನು. ಅಂಥ ಹಸುರಿನೊಳಕ್ಕೆ ಕಾಲಿಟ್ಟದ್ದು ಅಂದೇ ಮೊದಲು. ಚೆಂಡಿನ ತೂಕ ೪೬ ಗ್ರಾಮಿಗೂ ಕಡಿಮೆ. ಅದು ಬೀಳಬೇಕಾದ ಕುಳಿಯ ಅಗಲ ೧೦೮ ಮಿಲಿಮೀಟರು, ನಮ್ಮ ಅಂಗೈಯಷ್ಟು. ಅಂಥ ಹದಿನೆಂಟು ಕುಳಿಗಳು. ಕೆಲವು ನಾನೂರು ಗಜಕ್ಕೂ ದೂರ. ನುರಿತವನು ಇವೆಲ್ಲಕ್ಕೂ ಸೇರಿ ಇಷ್ಟೇ ಹೊಡೆತಗಳಲ್ಲಿ ಮುಗಿಸಬೇಕೆಂದು ಒಂದು ಲೆಕ್ಕವಿದೆ. ಅದನ್ನು ‘ಪಾರ್’ ಎನ್ನುವರು. ದೊಡ್ಡ ಬಯಲುಗಳಲ್ಲಿ ಅದು ಸಾಮಾನ್ಯವಾಗಿ ೭೨ರ ಸುತ್ತಮುತ್ತ ಇರುತ್ತದೆ. ನನ್ನ ಶಿಷ್ಯನು ಅಂದು ೮೧ ಹೊಡೆತಗಳಲ್ಲಿ ಮುಗಿಸಿದನು. ನಾನು ಬೆರಗಾಗಿ ಭೇಷ್ ಎಂದೆನು. ತಂದೆ ನಗಲಿಲ್ಲ. “ಊಟಕ್ಕೆ ಆಗೋ ಆಟ ಇದಲ್ಲ ಮೇಷ್ಟ್ರೇ. ಎಪ್ಪತ್ತಕ್ಕಿಂತ ಕೆಳಗೆ ಬರಬೇಕು. ಒಂದು ದಿನ ಬಂದರೆ ಸಾಲದು, ನಾಲ್ಕು ದಿನವೂ ಬರಬೇಕು” ಎಂದರು.

ಆ ಮಾತಿನಿಂದ ನನಗೆ ನನ್ನ ಹಳೆಯ ಲೆಕ್ಕ ನೆನಪಾಯಿತು. ನಾನು ರಾಮನಗರದ ಕಡೆಯವನು, ಎಸ್.ಎಸ್.ಎಲ್.ಸಿ.ಯನ್ನು ಕನ್ನಡ ಮಾಧ್ಯಮದಲ್ಲಿ ಮುಗಿಸಿದವನು. ಆಮೇಲೆ ವಾಣಿಜ್ಯ ವಿಷಯವನ್ನು ಹಿಡಿದು ಚಾರ್ಟರ್ಡ್ ಅಕೌಂಟೆಂಟನಾಗುವ ಕನಸು ಕಂಡೆನು. ೨೦೦೮ರಲ್ಲಿ ಅದರ ಪ್ರವೇಶ ಪರೀಕ್ಷೆಯು ೨೦೦ ಅಂಕಗಳದಾಗಿದ್ದಿತು, ೧೦೦ ಬರಬೇಕು, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಗಳು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ. ಜಮೆ ಖರ್ಚಿನ ಲೆಕ್ಕ ನನಗೆ ಬಾರದೆ ಇರಲಿಲ್ಲ. ಆದರೆ ‘ಡಿಪ್ರಿಸಿಯೇಷನ್’ ಎಂದರೆ ನಮ್ಮ ‘ಸವಕಳಿ’ಯೇ ಎಂದು ಹೊಳೆಯುವಷ್ಟರಲ್ಲಿ ಗಂಟೆ ಬಾರಿಸುತ್ತಿದ್ದಿತು. ಮೊದಲನೆಯ ಸಲ ೯೧ ಬಂದಿತು. ಎರಡನೆಯ ಸಲ ೯೮. ಎರಡೇ ಅಂಕ ಕಡಿಮೆ. ಆರು ತಿಂಗಳು ಕಳೆದರೆ ಮತ್ತೆ ಬರೆಯಬಹುದಾಗಿದ್ದಿತು. ಮನೆಯಲ್ಲಿ ಹಣವಿರಲಿಲ್ಲ, ನನ್ನಲ್ಲಿ ಧೈರ್ಯವಿರಲಿಲ್ಲ. ಬಾಗಿಲು ಮುಚ್ಚಿರಲಿಲ್ಲ, ನಾನೇ ಹಿಂದಿರುಗಿದೆನು.

ಇಷ್ಟನ್ನು ಅನುಭವಿಸಿದವನು ಆ ಪರೀಕ್ಷೆಯನ್ನು ಸುಲಭವೆಂದು ಹೇಳಲಾರನು. ಭಾರತದ ಲೆಕ್ಕಪರಿಶೋಧಕರ ಸಂಸ್ಥೆಯು ೧೯೪೯ರ ಕಾನೂನಿನಿಂದ ಹುಟ್ಟಿದುದು. ಅದರ ದಕ್ಷಿಣ ವಲಯದ ಕಛೇರಿ ನಮ್ಮ ನುಂಗಂಬಾಕದಲ್ಲಿಯೇ ಇದೆ. ಇಂದಿನ ಕ್ರಮದಲ್ಲಿ ಮೂರು ಮೆಟ್ಟಿಲು: ಮೊದಲನೆಯದರಲ್ಲಿ ನಾಲ್ಕು ಪತ್ರಿಕೆ, ಮಧ್ಯದಲ್ಲಿ ಆರು, ಕೊನೆಯದರಲ್ಲಿ ಆರು. ನಡುವೆ ಅನುಭವಿ ಲೆಕ್ಕಪರಿಶೋಧಕರ ಕೈಕೆಳಗೆ ಎರಡು ವರ್ಷ ದುಡಿದು ಕಲಿಯಬೇಕು. ಪ್ರತಿ ಪತ್ರಿಕೆಯಲ್ಲಿಯೂ ನೂರಕ್ಕೆ ೪೦, ಒಟ್ಟಿನಲ್ಲಿ ೫೦ ಬರಬೇಕು. ಐದು ಪತ್ರಿಕೆಗಳಲ್ಲಿ ಮೆರೆದು ಒಂದರಲ್ಲಿ ೩೯ ಪಡೆದು ಕಣ್ಣೀರಿಟ್ಟವರು ಈ ಊರಿನಲ್ಲಿ ಬೀದಿಗೊಬ್ಬರಾದರೂ ಸಿಕ್ಕಾರು. ಹಣಹೂಡಿಕೆಯ ವಿದ್ಯೆಗೆ ಅಮೆರಿಕದಿಂದ ಕೊಡುವ ಸಿ.ಎಫ್.ಎ. ಎಂಬ ಪದವಿಯೂ ಹೀಗೆಯೇ. ೧೯೬೩ರಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು. ಅದಕ್ಕೂ ಮೂರು ಮೆಟ್ಟಿಲು.

ಆದರೂ ಈ ಕಷ್ಟದಲ್ಲಿ ಒಂದು ಕರುಣೆಯಿದೆ. ಗೆರೆ ಎಲ್ಲಿದೆಯೆಂದು ಮೊದಲೇ ತಿಳಿದಿರುತ್ತದೆ. ಐವತ್ತರ ಗೆರೆಯನ್ನು ದಾಟಿದವನು, ತನಗಿಂತ ಮುಂದೆ ಎಷ್ಟು ಸಾವಿರ ಮಂದಿ ಇದ್ದರೂ, ತೇರ್ಗಡೆಯಾದವನೇ. ನೆರೆಯವನು ಗೆದ್ದುದರಿಂದ ಇವನು ಸೋಲಬೇಕಾಗಿಲ್ಲ. ಒಮ್ಮೆ ಪಡೆದ ಪದವಿಯನ್ನು ವರ್ಷವರ್ಷವೂ ಶುಲ್ಕ ಕಟ್ಟಿ, ನಿಯಮದಂತೆ ವ್ಯಾಸಂಗ ನಡೆಸಿ ಉಳಿಸಿಕೊಳ್ಳಬಹುದು. ಜ್ವರ ಬಂದ ವಾರ ಅವನ ಜಾಣತನ ತಪ್ಪಿಹೋಗುವುದಿಲ್ಲ.

ಗಾಲ್ಫಿನಲ್ಲಿ ಅಂಥ ಗೆರೆಯೇ ಇಲ್ಲ. ನಮ್ಮ ದೇಶದ ವೃತ್ತಿಯಾಟಗಾರರ ಪಂದ್ಯಗಳನ್ನು ೨೦೦೬ರಲ್ಲಿ ಸ್ಥಾಪಿತವಾದ ಪಿ.ಜಿ.ಟಿ.ಐ. ಸಂಸ್ಥೆಯು ನಡೆಸುತ್ತದೆ. ಅದರೊಳಗೆ ಸೇರಬಯಸುವವರಿಗೆ ಅರ್ಹತಾ ಪಂದ್ಯಗಳುಂಟು. ಅಲ್ಲಿ ನೋಡುವುದು ನೀನು ಎಷ್ಟು ಚೆನ್ನಾಗಿ ಆಡಿದೆಯೆಂಬುದನ್ನಲ್ಲ, ನಿನಗಿಂತ ಚೆನ್ನಾಗಿ ಎಷ್ಟು ಮಂದಿ ಆಡಿದರೆಂಬುದನ್ನು. ಸ್ಥಾನಗಳು ಗೊತ್ತಾದಷ್ಟೇ. ಸೇರಿದ ಮೇಲೆಯೂ ನೆಮ್ಮದಿಯಿಲ್ಲ. ಸಾಮಾನ್ಯವಾಗಿ ನಾಲ್ಕು ದಿನಗಳ ಪಂದ್ಯದಲ್ಲಿ ಎರಡನೆಯ ದಿನದ ಸಂಜೆ ಹಿಂದುಳಿದವರನ್ನು ಬಿಟ್ಟುಬಿಡುತ್ತಾರೆ. ಅವರಿಗೆ ಬಹುಮಾನದ ಹಣವಿಲ್ಲ. ಪ್ರಯಾಣ, ವಸತಿ, ಊಟ, ಕ್ಯಾಡಿಯ ಕೂಲಿ ಎಲ್ಲವೂ ಕೈಯಿಂದಲೇ. ವರ್ಷದ ಕೊನೆಯಲ್ಲಿ ಪಟ್ಟಿಯ ಕೆಳಗಿರುವವರು ಮತ್ತೆ ಅರ್ಹತಾ ಪಂದ್ಯದ ಬಾಗಿಲಲ್ಲಿ ನಿಲ್ಲಬೇಕು. ಲೆಕ್ಕಪರಿಶೋಧಕನಿಗೆ ಪ್ರತಿ ವರ್ಷವೂ ಕೊನೆಯ ಪರೀಕ್ಷೆಯನ್ನು ಮತ್ತೆ ಬರೆಯೆಂದರೆ ಹೇಗಿದ್ದೀತು?

ಒಂದು ಹೊಡೆತದ ಬೆಲೆಯನ್ನು ತಿಳಿಯಬೇಕಾದರೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಬೇಕು. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ತಾಯಿಯೇ ಅವರಿಗೆ ಕ್ಯಾಡಿಯಾಗಿ ಚೀಲ ಹೊತ್ತರು. ನಾಲ್ಕು ದಿನಗಳಲ್ಲಿ ಅವರು ತೆಗೆದುಕೊಂಡದ್ದು ೨೬೯ ಹೊಡೆತಗಳು. ಬೆಳ್ಳಿ ಮತ್ತು ಕಂಚಿನ ಪದಕಗಳಿಗಾಗಿ ಸೆಣಸಿದ ಇಬ್ಬರದು ೨೬೮. ಒಂದೇ ಒಂದು ಹೊಡೆತದಿಂದ ಅದಿತಿಯವರು ನಾಲ್ಕನೆಯವರಾದರು. ಐದನೆಯ ವಯಸ್ಸಿನಿಂದ ಕಲಿತವರಿಗೆ ಈ ಗತಿ! ಮುಂದಿನ ಪರೀಕ್ಷೆ ಮೂರು ವರ್ಷಗಳ ಮೇಲೆ.

ಬಡವರ ಮಕ್ಕಳಿಗೆ ಇದರೊಳಗೆ ದಾರಿಯೇ ಇಲ್ಲವೆನ್ನೋಣವೆಂದರೆ ಅದೂ ಸುಳ್ಳಾದೀತು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು ೨೦೦೯ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದರು. ಬಿಡದಿಯ ಬಳಿಯ ಹಳ್ಳಿಯ ಬಡ ಕುಟುಂಬದ ಎಸ್. ಚಿಕ್ಕರಂಗಪ್ಪನವರು ಊರ ಪಕ್ಕದ ಈಗಲ್ಟನ್ ಬಯಲಿನಲ್ಲಿ ಬಾಲ್ಯದಲ್ಲಿಯೇ ಆಟ ಕಲಿತು ವೃತ್ತಿಯಾಟಗಾರರಾದರು. ನಾನು ಪ್ರವೇಶ ಪರೀಕ್ಷೆಯ ಪಾಠಕ್ಕಾಗಿ ಬೆಂಗಳೂರಿಗೆ ಹೋಗುತ್ತಿದ್ದ ಬಸ್ಸು ಬಿಡದಿಯ ಮೇಲೆಯೇ ಹಾಯುತ್ತಿದ್ದಿತು. ಕಿಟಕಿಯ ಬಳಿ ಕುಳಿತು ಇಂಗ್ಲಿಷ್ ಪದಗಳನ್ನು ಉರುಹೊಡೆಯುತ್ತಿದ್ದ ನನಗೆ, ರಸ್ತೆಯಾಚೆ ನನಗಿಂತ ಚಿಕ್ಕವನಾದ ಒಬ್ಬ ಹುಡುಗನು ಇನ್ನೊಂದು ಬಗೆಯ ಪಾಠವನ್ನು ಉರುಹೊಡೆಯುತ್ತಿರುವನೆಂದು ಹೇಗೆ ತಿಳಿಯಬೇಕು? ತಿಳಿದಿದ್ದರೆ ನಾನು ಅವನನ್ನೂ ಕಂಡು ನಗುತ್ತಿದ್ದೆನೋ ಏನೋ.

ಅಂದು ಬಯಲಿನಿಂದ ಹಿಂದಿರುಗುವಾಗ ಹುಡುಗನ ತಂದೆ ಒಂದು ಚಿಕ್ಕ ಚೀಟಿಯನ್ನು ತೋರಿಸಿದರು. ಅದು ಹೊಡೆತಗಳ ಲೆಕ್ಕದ ಚೀಟಿ. ಪಂದ್ಯದಲ್ಲಿ ಒಬ್ಬನ ಲೆಕ್ಕವನ್ನು ಜೊತೆಯ ಆಟಗಾರನು ಬರೆಯುತ್ತಾನೆ. ಆಡಿದವನು ಪ್ರತಿಯೊಂದು ಕುಳಿಯ ಲೆಕ್ಕವನ್ನೂ ಪರಿಶೀಲಿಸಿ ಸಹಿ ಹಾಕಬೇಕು. ೧೯೬೮ರಲ್ಲಿ ಅಮೆರಿಕದ ಅಗಸ್ಟಾದಲ್ಲಿ ನಡೆದ ಮಾಸ್ಟರ್ಸ್ ಪಂದ್ಯದಲ್ಲಿ ಅರ್ಜೆಂಟೀನಾದ ರಾಬರ್ಟೋ ಡಿ ವಿಸೆಂಜೋ ಎಂಬ ಮಹಾ ಆಟಗಾರನು ಹದಿನೇಳನೆಯ ಕುಳಿಯನ್ನು ಮೂರು ಹೊಡೆತಗಳಲ್ಲಿ ಮುಗಿಸಿದ್ದನು. ಜೊತೆಯವನು ತಪ್ಪಿ ನಾಲ್ಕೆಂದು ಬರೆದನು. ಇವನು ನೋಡದೆ ಸಹಿ ಹಾಕಿದನು. ಸಹಿ ಬಿದ್ದ ಮೇಲೆ ಹೆಚ್ಚಿನ ಲೆಕ್ಕವೇ ನಿಲ್ಲಬೇಕೆಂಬುದು ನಿಯಮ. ಪ್ರಶಸ್ತಿಗಾಗಿ ಮರುದಿನ ಮತ್ತೆ ಆಡುವ ಅವಕಾಶ ಆ ಒಂದು ಅಂಕೆಯಿಂದ ತಪ್ಪಿತು. ಅವನು ಯಾರ ಮೇಲೂ ದೂರು ಹೊರಿಸದೆ ತನ್ನ ತಪ್ಪನ್ನು ಒಪ್ಪಿಕೊಂಡನು. ಲೆಕ್ಕಪರಿಶೋಧಕನ ಬಾಳೂ ಕೊನೆಗೆ ಒಂದು ಸಹಿಯ ಮೇಲೆ ನಿಂತಿದೆಯಲ್ಲವೆ ಎಂದು ನನಗನ್ನಿಸಿತು.

ಮುಂದಿನ ವಾರ ನಾನು ಹುಡುಗನನ್ನು ಕರೆದು ಎಲ್ಲ ಮಕ್ಕಳ ಎದುರಿಗೇ, “ಅಂದು ನಾನು ತಿಳಿಯದೆ ನಕ್ಕೆನು, ಅದು ತಪ್ಪು” ಎಂದೆನು. ಅನಂತರ ಒಬ್ಬನನ್ನೇ ಕೂರಿಸಿಕೊಂಡು ಕಂಡದ್ದನ್ನು ಕಂಡಂತೆ ಹೇಳಿದೆನು. ಆ ದಾರಿಯಲ್ಲಿ ತಲುಪುವವರು ಬಹಳ ಕಡಿಮೆ. ನಿನ್ನ ತಂದೆಯ ಕೂಲಿ ಅದರ ವೆಚ್ಚಕ್ಕೆ ಸಾಲದು. ಹತ್ತನೆಯ ತರಗತಿಯನ್ನು ಚೆನ್ನಾಗಿ ಮುಗಿಸಿ ವಾಣಿಜ್ಯ ವಿಷಯ ತೆಗೆದುಕೊ. ಅಪ್ಪಣೆಯಿರುವ ದಿನಗಳಲ್ಲಿ ಆಟವನ್ನು ಬಿಡಬೇಡ. ನಿನ್ನ ಹೊಡೆತಗಳ ಲೆಕ್ಕವೇ ಮುಂದಿನ ದಾರಿಯನ್ನು ಹೇಳಲಿ. ಅವನು ಎಲ್ಲಕ್ಕೂ ತಲೆಯಾಡಿಸಿದನು. ಎಷ್ಟನ್ನು ಒಪ್ಪಿದನೋ ತಿಳಿಯದು.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಂಚಿದ ದಿನ ಎಂದಿನಂತೆ ನಾಲ್ಕಾರು ಮಕ್ಕಳು ನನ್ನ ಮೇಜನ್ನು ಮುತ್ತಿದರು. ಅಂಕ ಕಡಿಮೆಯಾಗಿದೆಯೆಂಬುದೇ ಎಲ್ಲರ ದೂರು. ಅವರೆಲ್ಲ ಹೋದ ಮೇಲೆ ಈ ಹುಡುಗನು ಬಂದು ಪತ್ರಿಕೆಯನ್ನು ಮುಂದಿಟ್ಟನು.

“ಸರ್, ಕೂಡಿದ್ದರಲ್ಲಿ ಎರಡು ಅಂಕ ಹೆಚ್ಚಾಗಿದೆ.”

ಕೂಡಿ ನೋಡಿದೆನು. ನಿಜವಾಗಿದ್ದಿತು. ಎರಡು ಅಂಕಗಳ ಬೆಲೆಯನ್ನು ನನಗಿಂತ ಚೆನ್ನಾಗಿ ಬಲ್ಲವರಾರು? ಆದರೂ ೭೧ನ್ನು ಹೊಡೆದುಹಾಕಿ ೬೯ ಎಂದು ಬರೆದೆನು; ಪಕ್ಕದಲ್ಲಿ ಸಹಿ ಹಾಕಿದೆನು. ಅವನು ಒಮ್ಮೆ ಪರೀಕ್ಷಿಸಿ ನೋಡಿ, ಪತ್ರಿಕೆಯನ್ನು ಮಡಿಸಿಕೊಂಡು ಹೊರಟನು.

ಅವನು ಮುಂದೆ ಲೆಕ್ಕ ಬರೆಯುವನೋ ಚೆಂಡು ಹೊಡೆಯುವನೋ ನಾನು ಹೇಳಲಾರೆನು. ಅವನ ಲೆಕ್ಕವನ್ನು ಮತ್ತೊಬ್ಬರು ಪರಿಶೋಧಿಸಬೇಕಾಗಿಲ್ಲವೆಂದು ಮಾತ್ರ ಹೇಳಬಲ್ಲೆನು.