ಲೆಕ್ಕದ ಪುಸ್ತಕದಲ್ಲಿಲ್ಲದ ಹೆಸರುಗಳು

ದುಬೈನ ದೇರಾ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಚಿನ್ನದ ಮಾರುಕಟ್ಟೆ. ಊರಿಗೆ ಹೊರಡುವ ಮುನ್ನ ಒಂದು ಜೊತೆ ಬಳೆ ಕೊಳ್ಳಲು ಎಲ್ಲರೂ ಹೋಗುತ್ತೇವೆ. ಅದೇ ಗೋಲ್ಡ್ ಸೂಕಿನ ಒಳಓಣಿಯಲ್ಲಿ 'ಬೈತ್ ಅಲ್ ಬನಾತ್' ಎಂಬ ಮನೆಯಿದೆ. ಹೆಣ್ಣುಮಕ್ಕಳ ಮನೆ ಎಂದು ಅರ್ಥ. ಹಿಂದೆ ಅಲ್ಲಿ ಮದುವೆಯಾಗದ ಅಕ್ಕತಂಗಿಯರು ವಾಸವಿದ್ದರಂತೆ. ಹೆಸರು ಹಾಗೇ ಉಳಿಯಿತು. ಮನೋವೈದ್ಯೆ ಡಾ. ರಫಿಯಾ ಘುಬಾಶ್ ಆ ಜಾಗದಲ್ಲಿ 2012ರಲ್ಲಿ ಮಹಿಳಾ ಮ್ಯೂಸಿಯಂ ತೆರೆದರು.

'ಫತಾತ್ ಅಲ್ ಅರಬ್' ಎಂದು ಖ್ಯಾತರಾದ ಕವಯಿತ್ರಿ ಊಶಾ ಬಿಂತ್ ಖಲೀಫಾ ಅಲ್ ಸುವೈದಿ ಅವರಿಗೆ ಅಲ್ಲೊಂದು ಪ್ರತ್ಯೇಕ ವಿಭಾಗವೇ ಇದೆ. 2018ರಲ್ಲಿ ತೀರಿಕೊಂಡ ಅವರು ಬರೆದದ್ದು ಜನರಾಡುವ ಮಾತಿನ ನಬತಿ ಕಾವ್ಯ. ಮುತ್ತಿನ ಕಾಲದಲ್ಲಿ ಗಂಡಸರು ಬೇಸಿಗೆಯ ನಾಲ್ಕು ತಿಂಗಳು ಕಡಲಿಗೆ ಹೋದರೆ ಊರು, ಮನೆ, ನೀರು, ಸಾಲ ಎಲ್ಲವೂ ಹೆಂಗಸರ ಪಾಲಿಗೆ. ಇದು ಕರಾವಳಿಯ ನಮಗೆ ಹೊಸ ಕಥೆಯಲ್ಲ. ಗಂಡ ಗಲ್ಫಿಗೆ ಹೋದ ಮೇಲೆ ಗದ್ದೆ, ಬ್ಯಾಂಕು, ಮಕ್ಕಳ ಶಾಲೆ ನೋಡಿಕೊಂಡ ತಾಯಂದಿರು ನಮ್ಮಲ್ಲಿ ಮನೆಮನೆಗೂ ಇದ್ದಾರೆ.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕ. ದಾಖಲೆ ಇಲ್ಲದ ವ್ಯವಹಾರ ಎಷ್ಟೇ ದೊಡ್ಡದಾದರೂ ನಮ್ಮ ಕಣ್ಣಿಗೆ ನಡೆದೇ ಇಲ್ಲ. ಆ ಕಣ್ಣಿನಿಂದ ಇಲ್ಲಿಯ ಕನ್ನಡಿಗರ ಚರಿತ್ರೆ ನೋಡಿದರೆ ಅರ್ಧ ಪುಟ ಖಾಲಿ. 1975ರಲ್ಲಿ ಉಡುಪಿಯ ಬಿ.ಆರ್. ಶೆಟ್ಟರು ಅಬುಧಾಬಿಯಲ್ಲಿ ನ್ಯೂ ಮೆಡಿಕಲ್ ಸೆಂಟರ್ ಎಂಬ ಚಿಕ್ಕ ಕ್ಲಿನಿಕ್ ತೆರೆದಾಗ ಅಲ್ಲಿದ್ದ ಒಬ್ಬರೇ ಡಾಕ್ಟರು ಅವರ ಪತ್ನಿ ಡಾ. ಚಂದ್ರಕುಮಾರಿ. ಆ ಸಂಸ್ಥೆ ಬೆಳೆದದ್ದು, 2020ರಲ್ಲಿ ಕುಸಿದದ್ದು ಎಲ್ಲರಿಗೂ ಗೊತ್ತು. ಮೊದಲ ದಿನಗಳಲ್ಲಿ ರೋಗಿಗಳ ನಾಡಿ ಹಿಡಿದವರು ಯಾರು ಎಂದರೆ ಎಷ್ಟು ಜನ ಹೇಳಿಯಾರು? 1964ರಲ್ಲಿ ದುಬೈಗೆ ಬಂದ ನಾಗಪುರದ ಡಾ. ಜುಲೇಖಾ ದಾವೂದ್ ಅವರಿಗೆ 2019ರಲ್ಲಿ ಪ್ರವಾಸಿ ಭಾರತೀಯ ಸಮ್ಮಾನ್ ಬಂತು. ಅಷ್ಟು ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು.

ಡಾಕ್ಟರರ ಹೆಸರಾದರೂ ಬೋರ್ಡಿನ ಮೇಲಿರುತ್ತದೆ. ಉಳಿದವರದು? ನಮ್ಮ ಮನೆಗಳ ಹೆಂಗಸರ ವೀಸಾ ಚೀಟಿಯಲ್ಲಿ ಉದ್ಯೋಗದ ಜಾಗದಲ್ಲಿ 'ಗೃಹಿಣಿ' ಎಂದಿರುತ್ತಿತ್ತು, ಪ್ರಾಯೋಜಕರ ಜಾಗದಲ್ಲಿ ಗಂಡನ ಹೆಸರು. 2022ರಲ್ಲಿ ಪಾಸ್‌ಪೋರ್ಟಿಗೆ ಆ ಚೀಟಿ ಅಂಟಿಸುವುದೇ ನಿಂತಿತು. ಪಾಸ್‌ಪೋರ್ಟಿನಲ್ಲಿ ಆ ಒಂದು ಸಾಲಿನ ದಾಖಲೆಯೂ ಈಗ ಕಾಣಸಿಗದು. ವಾರಾಂತ್ಯದಲ್ಲಿ ಮಕ್ಕಳಿಗೆ ಅಆಇಈ ಕಲಿಸುವವರು, ಯಕ್ಷಗಾನದ ವೇಷಕ್ಕೆ ಸೂಜಿದಾರ ಹಿಡಿಯುವವರು, ರಾಜ್ಯೋತ್ಸವಕ್ಕೆ ಮುನ್ನೂರು ಹೋಳಿಗೆ ತಟ್ಟುವವರು ಸಂಘದ ವರದಿಯಲ್ಲಿ 'ಮಹಿಳಾ ಸದಸ್ಯೆಯರ ಸಹಕಾರ' ಎಂಬ ಮೂರು ಪದವಾಗಿ ಮುಗಿಯುತ್ತಾರೆ.

ಇಲ್ಲಿ ಇನ್ನೊಂದು ಕಷ್ಟವಿದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಅಜ್ಜಿ ಅಲ್ಲೇ ಮುದುಕಿಯಾಗುತ್ತಾಳೆ, ಮೊಮ್ಮಗಳು ಕೇಳಿ ಬರೆದುಕೊಳ್ಳುತ್ತಾಳೆ. ನಮ್ಮಲ್ಲಿ ಗಂಡನ ನೌಕರಿ ಮುಗಿದರೆ ಹೆಚ್ಚಿನವರಿಗೆ ವೀಸಾವೂ ಮುಗಿಯಿತು. ಚರಿತ್ರೆ ಮೂವತ್ತು ಕಿಲೋ ಬ್ಯಾಗೇಜಿನಲ್ಲಿ ಊರಿಗೆ ಹೊರಟುಬಿಡುತ್ತದೆ.

ಶಾರ್ಜಾದ ನಮ್ಮ ಕಟ್ಟಡದಲ್ಲಿ ಪುತ್ತೂರಿನ ಅಕ್ಕ ಒಬ್ಬರಿದ್ದಾರೆ. ಶುಕ್ರವಾರ ರಜೆ ಇದ್ದ ಕಾಲದಲ್ಲಿ ಒಂಟಿ ಹುಡುಗರನ್ನು ಕರೆದು ಊಟ ಹಾಕಿದವರು, ಯಾರದೋ ಬಾಣಂತನಕ್ಕೆ ರಾತ್ರಿ ಕೂತವರು. ಮುಂದಿನ ತಿಂಗಳು ಊರಿಗೆ ಹೊರಡುತ್ತಿದ್ದಾರೆ. ಅವರ ಬಳಿ 1994ರಿಂದ ಬರೆದ ಲೆಕ್ಕದ ನೋಟುಪುಸ್ತಕಗಳಿವೆ: ಅಕ್ಕಿ ಎಷ್ಟು ದಿರ್ಹಂ, ಊಟಕ್ಕೆ ಎಷ್ಟು ಜನ, ಯಾರ ಕೆಲಸ ಹೋಯಿತು, ಯಾರಿಗೆ ಟಿಕೇಟಿನ ದುಡ್ಡು ಕೊಟ್ಟದ್ದು. ನಕಲು ತೆಗೆದುಕೊಳ್ಳುತ್ತೇನೆ ಎಂದೆ.

"ಅದರಲ್ಲಿ ಎಂತ ಉಂಟು ಮಾರಾಯ್ರೇ, ಬರೀ ಅಕ್ಕಿಬೇಳೆಯ ಲೆಕ್ಕ" ಎಂದರು.

ಆಗಸ್ಟ್ 28 ಎಮಿರಾತಿ ಮಹಿಳಾ ದಿನ. 1975ರಲ್ಲಿ ಹುಟ್ಟಿದ ಇಲ್ಲಿಯ ಮಹಿಳಾ ಒಕ್ಕೂಟದ ನೆನಪಿಗೆ 2015ರಿಂದ ಆಚರಿಸುತ್ತಾರೆ. ನಾವೂ ಮಾರ್ಚ್ 8ಕ್ಕೆ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ಹಾಕೋಣ. ಜೊತೆಗೆ ಒಂದು ಹಾಳೆಯೂ ಇರಲಿ: ಯಾವ ವರ್ಷ ಬಂದರು, ಎಲ್ಲಿದ್ದರು, ಏನು ಮಾಡಿದರು, ಅವರಿಂದ ಏನು ಶುರುವಾಯಿತು. ಬರೆದವರ ಸಹಿ, ತಾರೀಕು. ಸಂಘದ ಕಪಾಟಿನಲ್ಲಿ ಅದೊಂದು ಕಡತವಾಗಲಿ. ಅಕ್ಕನ ಹಾಳೆಯಿಂದಲೇ ಆರಂಭಿಸಿದ್ದೇನೆ. ಉದ್ಯೋಗದ ಜಾಗಕ್ಕೆ ಬಂದಾಗ ಒಂದು ಸಾಲು ಸಾಕಾಗಲಿಲ್ಲ.