ಒಂದು ಪುಟ್ಟ ಪದದ ಭಾರ

ಅರಬಿ ವ್ಯಾಕರಣ ಓದಿದವರು ಬಲ್ಲರು: 'ರಗಿಬ' ಎಂಬ ಕ್ರಿಯಾಪದದೊಂದಿಗೆ 'ಫೀ' ಸೇರಿದರೆ ಬಯಸಿದನೆಂದು ಅರ್ಥ, 'ಅನ್' ಸೇರಿದರೆ ವಿಮುಖನಾದನೆಂದು ಅರ್ಥ. ಇಂಗ್ಲಿಷಿನ ಸ್ವಭಾವವೂ ಹೀಗೆಯೇ. 'ಕಾಲ್ ಆನ್' ಎಂದರೆ ಒಬ್ಬರನ್ನು ಭೇಟಿಯಾಗುವುದು. 'ಕಾಲ್ ಆಫ್' ಎಂದರೆ ರದ್ದುಪಡಿಸುವುದು.

ಇಂಗ್ಲಿಷಿನಲ್ಲಿ ನಮ್ಮವರು ಎಡವುವುದು ಬಹುಮಟ್ಟಿಗೆ ಕನ್ನಡದ ರೂಢಿಯಿಂದ. 'ಚಿಕ್ಕಪ್ಪನ ಮನೆಗೆ ಭೇಟಿ ನೀಡಿದೆ' ಎಂಬಲ್ಲಿನ 'ಗೆ' ಪ್ರತ್ಯಯವೇ 'ವಿಸಿಟೆಡ್ ಟು' ಆಗಿಬಿಡುತ್ತದೆ. ಅಲ್ಲಿ 'ಟು' ಬೇಡ. 'ಐ ವಿಸಿಟೆಡ್ ಮೈ ಅಂಕಲ್' ಎಂದರೆ ಸಾಕು. ಬ್ಯಾಂಕಿನಲ್ಲಿ 'ಹಣ ತೆಗೆಯಬೇಕು' ಎನ್ನಲು 'ರಿಮೂವ್' ಸಲ್ಲದು. 'ಐ ವಾಂಟ್ ಟು ವಿತ್‌ಡ್ರಾ ಮನಿ ಫ್ರಮ್ ಮೈ ಅಕೌಂಟ್' ಎನ್ನಬೇಕು.

ಇಷ್ಟು ತಪ್ಪಿದರೂ ಗುಮಾಸ್ತರಿಗೆ ಅರ್ಥವಾದೀತು. ಆದರೆ 'ಲೆಂಡ್' ಮತ್ತು 'ಬಾರೋ' ಅದಲುಬದಲಾದರೆ ಸಾಲ ಕೊಟ್ಟವರಾರು, ಪಡೆದವರಾರು ಎಂಬುದೇ ತಲೆಕೆಳಗಾಗುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಸೂರಃ ಅಲ್-ಬಕರದ 282ನೆಯ ವಚನದಲ್ಲಿ ಕಲಿತವರು ಈ ಎರಡು ಪದಗಳನ್ನು ಹಗುರವಾಗಿ ಕಾಣಲಾಗದು.

ನನ್ನ ತರಗತಿಗೆ ಬರುವ ತಾಯಿಯೊಬ್ಬರು ತಮ್ಮದೇ ಖಾತೆಯ ಹಣ ಪಡೆಯಲು ಮಗನಿಗೆ ರಜೆ ಸಿಗುವವರೆಗೆ ಕಾಯುತ್ತಿದ್ದರು. ಇಂಗ್ಲಿಷ್ ಬಾರದೆಂಬ ಸಂಕೋಚವೇ ಅದಕ್ಕೆ ಕಾರಣ. ಅವರಿಗೆ ಮೊದಲು ಹೇಳಿದ್ದು ಇದನ್ನೇ: ಬ್ಯಾಂಕಿನ ನಮೂನೆಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶನ, ಕನ್ನಡದಲ್ಲಿ ಕೇಳಲು ಅಂಜಬೇಡಿ, ಅಮ್ಮಾ.

ಇಂಗ್ಲಿಷನ್ನು ಸರಿಯಾಗಿ ಕಲಿಯೋಣ, ಮಕ್ಕಳಿಗೂ ಕಲಿಸೋಣ. ಅದನ್ನು ಕಲಿಯುವವರೆಗೆ ನಮ್ಮ ಹಿರಿಯರು ತಮ್ಮ ಹಣಕ್ಕಾಗಿ ಮತ್ತೊಬ್ಬರ ದಾರಿ ಕಾಯುವಂತಾಗದಿರಲಿ.